ಡಾಕ್ಟರ ಮೇಜಿನ ಮ್ಯಾಲೆ ಬಡಿದ ರೊಟ್ಟಿ

ನನ್ನ ಜಡ್ಡಿಗೆ ಒಂದು ಕೆಟ್ಟ ಚಟ ಇತ್ತು. ಮುಂಜಾನೆ ಡಾಕ್ಟರು ನೋಡೂ ಹೊತ್ತಿಗೆ ಇರತಿದ್ದಿಲ್ಲ, ಸಂಜೀಕ ಅತ್ತಿ ನೋಡೂ ಹೊತ್ತಿಗೆ ಬರತಿತ್ತು.

ಎಪ್ಪತ್ತರ ದಶಕದ ಮಾತು. ತವರುಮನಿ ಬೆಳಗಾವ್ಯಾಗ ಕೋಟೆ ಬಾಜು, ಗಂಡನ ಮನಿ ಖಾನಾಪುರದಾಗ. ಮುಂಜಾನೆ ನಾನು ಎಲ್ಲಾರಂಗ ನೀರು ಸೇದತಿದ್ದೆ, ಕಸಾ ಹೊಡಿತಿದ್ದೆ. ಹೊತ್ತು ಇಳೀತಂದ್ರ ಕಣ್ಣಿನ ರೆಪ್ಪಿ ತಾನ ಜೋತು ಬೀಳತಿತ್ತು. ರೊಟ್ಟಿ ಬಡಿಯಾಕ ಕುಂತ್ರ ಮೊದಲಿನವು ತೆಳ್ಳಗ, ದುಂಡಗ. ಕಡಿಕಿನವು ನೋಡಿದ್ರ ಎಮ್ಮಿ ತುಳದಂಗ. ಉಣ್ಣಾಕ ಕುಂತ್ರ ದವಡಿ ನಡುವನ ನಿಂತು ಬಿಡತಿತ್ತು. ಸ್ವಲ್ಪ ಅಡ್ಡಾಗಿ ಎದ್ರ ಮತ್ತ ಎಲ್ಲಾ ಸರಿ.

“ಕೆಲಸ ಕಂಡ್ರ ಬರತೈತಿ, ಹಾಸಿಗಿ ಕಂಡ್ರ ಹೋಗತೈತಿ. ಇಂಥಾ ಜಡ್ಡು ನನಗೂ ಬೇಕಿತ್ತು” ಅಂತಿದ್ಲು ಅತ್ತಿ.

ಗಂಡ “ಅವ್ವಂದೂ ಖರೇ, ನಿಂದೂ ಖರೇ” ಅಂದು ಕೆಲಸಕ್ಕ ಹೋಗಿ ಬಿಡತಿದ್ದ. ಒಂದಿನ ಸಂಜೀಕ ಕಿರಾಣಿ ಅಂಗಡ್ಯಾವ, ಒಂದು ಕಣ್ಣಿನ ರೆಪ್ಪಿ ಬಿದ್ದದ್ದು ನೋಡಿ, ನಾನು ಕಣ್ಣು ಹೊಡದೆ ಅಂತ ತಿಳದು ಬೆಲ್ಲ ಜಾಸ್ತಿ ಹಾಕಿದ. ಬೆಲ್ಲ ಎಲ್ಲಾರೂ ತಿಂದ್ರು. ಯಾಕ ಜಾಸ್ತಿ ಅಂತ ಯಾರೂ ಕೇಳಲಿಲ್ಲ.

ಡಾಕ್ಟರೊಬ್ಬರು ಚಸಮಾ ಬರದು ಕೊಟ್ರು. ಇನ್ನೊಬ್ಬರು ಮನಸ್ಸಿಗೆ ಹಚ್ಚಿಕೊಂಡಾಳ, ಒಂದು ಕೂಸು ಆದ್ರ ಹೋಗತೈತಿ ಅಂದ್ರು. ಎರಡು ಕೂಸು ಆಗಲೇ ಮನ್ಯಾಗ ಹೊಡದಾಡತಿದ್ದವು.

ಕಡೀಕ ಅತ್ತಿ ನನ್ನ ಸೀರಿ ಎಲ್ಲಾ ಟ್ರಂಕಿನ್ಯಾಗ ತುಂಬಿದ್ಲು. “ಬೆಳಗಾವಿ ಟಿಳಕವಾಡಿ ಡಾಕ್ಟರಗ ತೋರಸ್ತೀನಿ. ಅವರೂ ಏನಿಲ್ಲ ಅಂದ್ರ ಅಲ್ಲಿಂದ ಸೀದಾ ನಿಮ್ಮವ್ವನ ಮನಿ. ಕೂಸುಗಳು ಇಲ್ಲೇ ಇರತಾವು.”

ಟ್ರಂಕು ನನ್ನ ತಲಿ ಮ್ಯಾಲನ ಹೊರಿಸಿದ್ಲು. ಅದರ ವಜ್ಜಿಗೆ ಸ್ಟೇಶನ್ ಮುಟ್ಟೂದ್ರಾಗ ರೆಪ್ಪಿ ಬಿದ್ದಿತ್ತು. ಹಂಗ ಇದ್ದಿದ್ರ ಚೊಲೋ ಇತ್ತು. ಗಾಡ್ಯಾಗ ಕಿಟಕಿಗೆ ತಲಿ ಹಚ್ಚಿ ಮಲಕೊಂಡೆ. ಡಾಕ್ಟರ ಮುಂದ ಹೋಗಿ ಕುಂತಾಗ ಕಣ್ಣು ಎರಡೂ ಪೂರಾ ತೆರದಿದ್ದವು. ಅವತ್ತೊಂದಿನ ಜಡ್ಡಾಗಿರಲಿ ಅಂತ ದೇವರಿಗೆ ಬೇಡಕೊಂಡೆ.

ಡಾಕ್ಟರು ಕೈ ಎತ್ತಿಸಿದ್ರು, ಮೊಳಕಾಲು ಬಡದು ನೋಡಿದ್ರು. “ಏನೂ ಕಾಣವಲ್ದಲ್ಲ ಯವ್ವಾ” ಅಂದ್ರು.

ಅತ್ತಿ ಅಷ್ಟಕ್ಕ ಟ್ರಂಕಿಗೆ ಕೈ ಹಾಕಬೇಕಿತ್ತು. ಆದ್ರ ನಾನೆಂಥಾ ಮೈಗಳ್ಳಿ ಅಂತ ಡಾಕ್ಟರಗೂ ಗೊತ್ತಾಗಲಾರದ ಆಕಿಗೆ ಸಮಾಧಾನ ಇಲ್ಲ. “ಹಿಂಗ ಗೊತ್ತಾಗಂಗಿಲ್ರೀ ಸಾಹೇಬ್ರ. ರೊಟ್ಟಿ ಬಡಿಸಿ ನೋಡ್ರಿ” ಅಂದು, ಮೇಜಿನ ಮ್ಯಾಲಿನ ಕಾಗದ ಬಾಜು ಸರಿಸಿದ್ಲು. ನನ್ನ ಕಡೆ ತಿರುಗಿ, “ಬಡಿ” ಅಂದ್ಲು.

ಹಿಟ್ಟಿಲ್ಲ, ನೀರಿಲ್ಲ. ಬರೇ ಮೇಜು ಬಡದೆ. ಹೊರಗಿನ ಮಂದಿ ಬಾಗಲದಾಗ ಬಂದು ನಿಂತ್ರು. ಕಂಪೌಂಡರ್ ನಗಾಕ ಹತ್ತಿದ. ಬಡದು ಬಡದು ಕೈ ಸೋತು ತೊಡಿ ಮ್ಯಾಲೆ ಬಿತ್ತು, ರೆಪ್ಪಿನೂ ಇಳೀತು. ಸಾಕ್ರೀ ಅಂದೆ. ಅದೂ ಮೂಗಿನ್ಯಾಗ ಬಂತು.

“ನೋಡಿದ್ರಿಲ್ಲ? ನಾಟಕ” ಅಂದ್ಲು ಅತ್ತಿ.

ಡಾಕ್ಟರು ಎದ್ದು ನಿಂತ್ರು. ದೊಡ್ಡ ದವಾಖಾನಿಗೆ ಕರಕೊಂಡು ಹೋಗಿ ಒಂದು ಸೂಜಿ ಹಾಕಿಸಿದ್ರು. ಸ್ವಲ್ಪ ಹೊತ್ತಿಗೆ ರೆಪ್ಪಿ ಅಂಗಡಿ ಶಟರ್ ಎತ್ತಿದಂಗ ಮ್ಯಾಲೆ ಹೋತು.

“ಇದು ಭಾಳ ಅಪರೂಪದ ಜಡ್ಡು. ಆಕಿ ರಕ್ತನ ಆಕಿ ಮೈ ಮ್ಯಾಲೆ ಜಗಳಕ್ಕ ನಿಂತೈತಿ. ನರ ಹೇಳಿದ್ದು ಕೈಕಾಲಿಗೆ ಮುಟ್ಟವಲ್ದು. ಪೂರಾ ಹೋಗಂಗಿಲ್ಲ, ದಿನಾ ಗುಳಿಗಿ ನುಂಗಬೇಕು” ಅಂದ್ರು ಡಾಕ್ಟರು.

ಅತ್ತಿ ನನ್ನ ಮ್ಯಾಲಿಂದ ಕೆಳಗ ನೋಡಿದ್ಲು. “ನನಗ ಒಂದಿನಾನೂ ಎದುರು ಮಾತಾಡಿಲ್ಲ. ಒಳಗ ಇಷ್ಟು ಜಗಳಗಂಟಿ ಅದಾಳು.”

ಹೊರಗ ಬಂದು ನಾನು ಟ್ರಂಕಿಗೆ ಬಗ್ಗಿದೆ. “ಬಿಡು. ಮತ್ತ ಕಣ್ಣು ಮುಚ್ಚಿದ್ರ ಸೂಜಿ ಯಾರು ಹಾಕಬೇಕು?” ಅಂದು ತಾನ ತಲಿ ಮ್ಯಾಲೆ ಇಟ್ಟಕೊಂಡ್ಲು. ಕೋಟೆ ಕಡೆ, ನಮ್ಮವ್ವನ ಮನಿಗೆ ಹೊಳ್ಳಲಿಲ್ಲ, ಸ್ಟೇಶನ್ ಕಡೆ ನಡದ್ಲು. ದಾರಿ ತುಂಬಾ ಸೀರಿ ಭಾಳ ಅದಾವು ಅಂತ ಬೈದ್ಲು.

ಅವತ್ತಿಂದ ಗುಳಿಗಿ ನುಂಗಿಸಿ, ಅದು ಹತ್ತೂತನಕ ಕಾದು, ಹಿಟ್ಟಿನ ಮುಂದ ಕುಂಡ್ರಸ್ತಿದ್ಲು. ಗುಳಿಗಿ ಜೋರು ಇಳದ್ರ ಉಳದ ರೊಟ್ಟಿ ತಾನ ಬಡೀತಿದ್ಲು. ಆಕಿ ರೊಟ್ಟಿ ಭಾಳ ದಪ್ಪ, ನನ್ನ ದವಡಿ ಅರ್ಧಕ್ಕ ನಿಲ್ಲತಿತ್ತು.

“ನಾಟಕ ಮಾಡಬ್ಯಾಡ” ಅಂತಿದ್ಲು. ಅಂದು ಗುಳಿಗಿ ಡಬ್ಬಿ ನನ್ನ ಕಡೆ ಸರಸ್ತಿದ್ಲು.