ಗುಂಡಿಯೊಳಗೆ ಉರಿಯುತ್ತಿದ್ದ ಬಲ್ಬು

ನಿನ್ನೆ ಮಧ್ಯಾಹ್ನ ಆಟೋ ನಗರದಲ್ಲಿರುವ ತಮ್ಮ ಶಿವುನ ಗ್ಯಾರೇಜಿಗೆ ಬುತ್ತಿ ಕೊಡಲು ಹೋದೆ. ಮಳೆ ಒಳಗೆ ಹೊಡೆಯುತ್ತದೆಂದು ಶಟರ್ ಅರ್ಧ ಎಳೆದಿದ್ದ. ಬಗ್ಗಿ ಒಳಗೆ ಕಾಲಿಟ್ಟರೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು.

ಹಳೆಯ ಜೀಪೊಂದು ನಿಂತಿದೆ. ಗಾಡಿಯ ಅಡಿಯಲ್ಲಿ ಕೆಲಸ ಮಾಡಲೆಂದು ನೆಲದಲ್ಲಿ ಕಟ್ಟಿಸಿದ ಗುಂಡಿಯಲ್ಲಿ ಶಿವು. ಟ್ಯಾಂಕಿನ ಪೆಟ್ರೋಲನ್ನು ಬಕೆಟ್ಟಿಗೆ ಇಳಿಸುತ್ತಿದ್ದಾನೆ. ಪಕ್ಕದಲ್ಲೇ ವೈರಿಗೆ ಜೋತುಬಿದ್ದ ಬಲ್ಬು ಉರಿಯುತ್ತಿದೆ!

ಬುತ್ತಿಯನ್ನು ಅಲ್ಲೇ ನೆಲಕ್ಕಿಟ್ಟೆ.

ನಾನು ಖಾನಾಪುರದ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೀರಿನಂತೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಆ ಬಲ್ಬು ಒಡೆದರೆ ಸಾಕು... ವೈರಿನಿಂದ ಒಂದು ಕಿಡಿ ಹಾರಿದರೂ ಸಾಕು.

ಮೇಲೆ ಬಾ ಎಂದೆ. ನಕ್ಕ. ಮತ್ತೆ ಕರೆದೆ, ಮತ್ತೆ ಅದೇ ನಗು. ಆವಿ ಅವನ ತಲೆಗೇರಿದೆ ಎಂದು ಆಗ ಹೊಳೆಯಿತು.

"ತಡೀ ಅಕ್ಕಾ, ಬಲ್ಬ್ ಬಂದ್ ಮಾಡ್ತೇನಿ," ಎಂದು ಕೈ ಚಾಚಿದ.

"ಅದನ್ನ ಮುಟ್ಟಬ್ಯಾಡ ಶಿವು," ಎಂದೆ. ಆ ದನಿ ನನ್ನದೇ ಅನ್ನಿಸಲಿಲ್ಲ.

ಗೋಡೆಯ ಸ್ವಿಚ್ಚಿಗೆ ಹೋದ ನನ್ನ ಕೈಯನ್ನೂ ಹಿಂದೆಳೆದುಕೊಂಡೆ. ಆರಿಸುವಾಗಲೂ ಕಿಡಿ ಬರುತ್ತದೆ. ಮೇನ್ ಸ್ವಿಚ್ ಹೊರಗಿನ ಗೋಡೆಗಿದೆ. ಮಳೆಯಲ್ಲೇ ಓಡಿ, ಕಣ್ಣು ಮುಚ್ಚಿಕೊಂಡು ಎಳೆದುಬಿಟ್ಟೆ.

ಏನೂ ಆಗಲಿಲ್ಲ.

ಒಳಗೆ ಕತ್ತಲೆ. ಕರೆದರೆ ಓ ಅನ್ನುತ್ತಿಲ್ಲ. ಇಳಿದರೆ ನಾನೂ ಅಲ್ಲೇ ಬೀಳುತ್ತೇನೆ... ನನ್ನ ಬೆನ್ನಿಗೆ ಹುಟ್ಟಿದವನು, ದೇವರೇ! ಹೆಸರು ಹಿಡಿದು ಕೂಗುತ್ತಲೇ ಇದ್ದೆ.

ಕೊನೆಗೆ ಗುಂಡಿಯ ಮೆಟ್ಟಿಲ ಬಳಿ ಗ್ರೀಸ್ ಮೆತ್ತಿದ ಕೈ ಕಾಣಿಸಿತು. ಹಿಡಿದು ಎಳೆದು ಹೊರಗೆ ತಂದೆ. ವಾಂತಿ ಮಾಡಿಕೊಂಡ. ಆಸ್ಪತ್ರೆಗೆ ಒಯ್ದೆ, ಹೆದರಬೇಡಿ, ಉಳಿದುಕೊಂಡ ಎಂದರು ಡಾಕ್ಟರು.

ಸರಿಯಾಗಿ ಬಯ್ಯಬೇಕೆಂದು ಬಾಯಿ ತೆರೆದರೆ ಅವನೇ ಮೆಲ್ಲಗೆ ಹೇಳಿದ: "ಪೆಟ್ರೋಲ್ ಹಗುರ, ಮ್ಯಾಲ ಹೋಗ್ತೈತಿ ಅಂತ ಮನ್ಯಾಗ ಟ್ಯೂಷನ್ ಹುಡುಗರಿಗೆ ನೀನ ಹೇಳ್ತಿದ್ದಿ ಅಲ್ಲಾ ಅಕ್ಕಾ. ಗುಂಡ್ಯಾಗ ಏನೂ ನಿಲ್ಲೂದಿಲ್ಲ ಅನ್ಕೊಂಡೆ."

ಹೌದು, ಹೇಳುತ್ತಿದ್ದೆ. ಕಚ್ಚಾ ತೈಲ ಕಾಯಿಸುವ ರಿಫೈನರಿ ಗೋಪುರದ ಚಿತ್ರ ಬರೆದು, ಡಾಂಬರು ತಳಕ್ಕೆ, ಡೀಸೆಲ್ ನಡುವೆ, ಪೆಟ್ರೋಲ್ ಮೇಲೆ ಎಂದು. ಅದು ಗೋಪುರದೊಳಗಿನ ಮಾತು. ಪೆಟ್ರೋಲ್ ಡಾಂಬರಿಗಿಂತ ಹಗುರ, ಅದರ ಆವಿ ಗಾಳಿಗಿಂತ ಹಗುರವಲ್ಲ. ಅಷ್ಟನ್ನು ಸೇರಿಸಿ ಹೇಳಬೇಕೆಂದು ನನಗೆ ತೋಚಿರಲೇ ಇಲ್ಲ.

ನಾಳೆ ಕ್ಲಾಸಿನಲ್ಲಿ ಮತ್ತೆ ಅದೇ ಗೋಪುರ ಬರೆಯಬೇಕು. ಈ ಸಲ ಪಕ್ಕದಲ್ಲೊಂದು ಗುಂಡಿಯನ್ನೂ ಬರೆಯುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ಇದನ್ನು ಓದುತ್ತಿದ್ದರೆ ಹೇಳಿ... ನನ್ನ ಮಾತು ನಂಬಿಕೊಂಡು ನೀವ್ಯಾರೂ ಅಂಥ ಗುಂಡಿಗೆ ಇಳಿಯುತ್ತಿಲ್ಲ ತಾನೇ?