ನೀಲಕ್ಕನ ಹಂಚಿನ ಮೇಲಿನ ಸುದ್ದಿ

ಮೊನ್ನೆ ಬೆಳಿಗ್ಗೆ ಪತ್ರಿಕೆ ಬಿಡಿಸುವ ಮೊದಲೇ ಅಗಸಿ ಬೀಜ ಹುರಿಯುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಹಂಚು ಹೆಚ್ಚು ಕಾದರೆ ಅಗಸಿ ಕಮಟು ಘಾಟು ಬಿಡುತ್ತದೆ. ಹದವಾಗಿ ಕಾದರೆ ಎಣ್ಣೆಪಸೆಯ ಬೆಚ್ಚನೆಯ ಪರಿಮಳ. ಇದು ಹದವಾಗಿತ್ತು. ಅರ್ಧ ಗಂಟೆಯಲ್ಲಿ ಆ ವಾಸನೆಯ ಒಡತಿಯೇ ಬಂದಳು. ಪಕ್ಕದ ಮನೆಯ ಶಾರದೆ. ಇಷ್ಟು ವರ್ಷ ಬೀಗರಿಗೂ ನೆಂಟರಿಗೂ ಚಟ್ನಿಪುಡಿ ಕುಟ್ಟಿ ಕಳಿಸುತ್ತಿದ್ದವಳು ಈಗ ಮಾರಲು ಹೊರಟಿದ್ದಾಳೆ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಿಳಿ ಹಾಳೆ.

"ಅಜ್ಜಾರ, ನೀವು ಪೇಪರಿನ್ಯಾಗ ಇದ್ದೋರು. ಒಂದು ಹ್ಯಾಂಡ್‌ಬಿಲ್ ಬರದು ಕೊಡ್ರಿ. ಓದಿದೋರು ಓಡಿ ಬರಬೇಕು ನೋಡ್ರಿ."

ಡಬ್ಬಿಯನ್ನು ಲಂಚವೆಂದು ತಿಳಿಯದೆ ಸ್ವೀಕರಿಸಿ, ಹತ್ತು ನಿಮಿಷದಲ್ಲಿ ಬರೆದೆ. "ರುಚಿಯಲ್ಲಿ ಅದ್ವಿತೀಯ, ಗುಣದಲ್ಲಿ ಅನುಪಮ, ಒಮ್ಮೆ ಸವಿದವರು ಮರೆಯಲಾರರು." ಬರೆದು ಓದಿಕೊಂಡೆ. ಡಬ್ಬಿಯ ಮುಚ್ಚಳವನ್ನು ನಾನಿನ್ನೂ ತೆಗೆದೇ ಇರಲಿಲ್ಲ. ಆಗ ನೀಲಕ್ಕ ನೆನಪಾದಳು, ಕೈ ನಿಂತಿತು.

ನಿಮಗೆ ನೀಲಕ್ಕನನ್ನು ಪರಿಚಯಿಸಬೇಕು. ಬಳ್ಳಾರಿ ಜಿಲ್ಲೆ ಮದ್ರಾಸಿನ ಕೈಕೆಳಗಿದ್ದ ಕಾಲ, ಎರಡನೆಯ ಯುದ್ಧಕ್ಕೆ ಸ್ವಲ್ಪ ಮುಂಚಿನ ವರ್ಷಗಳು. ನಾನು ಹೊಸಪೇಟೆಯಲ್ಲಿ ಒಂದು ಕೋಣೆ ಹಿಡಿದು, ಬಳ್ಳಾರಿಯ ಒಂದು ವಾರಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಕಾಲುವೆ ಒಡೆದದ್ದು, ಬೆಲ್ಲದ ಧಾರಣೆ, ಹಂಪಿ ನೋಡಲು ಬಂದ ದೊರೆಗಳು ಬಿಸಿಲಿಗೆ ಸುಸ್ತಾದದ್ದು, ಇಂಥವು. ಸತ್ತ ಎತ್ತಿನ ಸುದ್ದಿಯನ್ನೂ ಇಬ್ಬರನ್ನು ಕೇಳದೆ ಕಳಿಸುವವನಲ್ಲ ಎಂದು ನನ್ನ ಬಗ್ಗೆ ನನಗೇ ಬಹಳ ಗೌರವವಿತ್ತು.

ಊಟ ನೀಲಕ್ಕನ ಖಾನಾವಳಿಯಲ್ಲಿ. ಕಂಪ್ಲಿ ಕಡೆಯ ಗಾಡಿಗಳು ಎತ್ತುಗಳ ಕೊರಳು ಬಿಚ್ಚುತ್ತಿದ್ದ ಬಯಲಿನ ಪಕ್ಕ ತಗ್ಗು ಮಾಡಿನ ಎರಡು ಕೋಣೆ. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಒಂದು ಪಲ್ಯ, ಬೇಳೆ, ಅಗಸಿ ಚಟ್ನಿ. ಮಧ್ಯಾಹ್ನಕ್ಕೆ ಮೂವತ್ತು ಮಂದಿ. "ಮೂವತ್ತು ಮಂದಿ ಉಂಡ್ರ ಖಾನಾವಳಿ ನಡೀತೈತಿ. ಮೂವತ್ತೊಂದನೇದವ ಬಂದ್ರ ನನ್ನ ರಟ್ಟಿ ನಡಿಯಂಗಿಲ್ಲ" ಎನ್ನುತ್ತಿದ್ದಳು. ಕಂಪ್ಲಿಯ ಭತ್ತದ ಗಾಡಿಯವರು, ಮರಿಯಮ್ಮನಹಳ್ಳಿಯ ವ್ಯಾಪಾರಿಗಳು, ಸಂಡೂರಿನಿಂದ ಬಂದವರು ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಸಂಡೂರಿನವರು ಮಾತ್ರ ತಾವು ಬೇರೆ ಸಂಸ್ಥಾನದ ಪ್ರಜೆಗಳೆಂಬ ಠೀವಿಯಲ್ಲಿ ಮೊದಲ ತಾಟು ತಮಗೇ ಬರಬೇಕೆಂದು ಕಾಯುತ್ತಿದ್ದರು. ಬರುತ್ತಿರಲಿಲ್ಲ.

ಆ ವರ್ಷ ಸ್ಟೇಷನ್ ರಸ್ತೆಯಲ್ಲಿ ಹೊಸ ಹೋಟೆಲು ತೆರೆಯಿತು. ಬಣ್ಣದ ಬೋರ್ಡು, ಗಾಜಿನ ಕಪಾಟು, ಗ್ರಾಮಫೋನು. ಜನ ಹಾಡು ಕೇಳಲು ಹೋಗಿ ಊಟ ಮುಗಿಸಿ ಬರತೊಡಗಿದರು. ನೀಲಕ್ಕನ ಸಾಲು ಮೂವತ್ತರಿಂದ ಹತ್ತು ಹನ್ನೆರಡಕ್ಕೆ ಇಳಿಯಿತು. ಎಮ್ಮಿಗನೂರಿನಿಂದ ಅವಳ ಅಣ್ಣ ಸಿದ್ದಣ್ಣ ಬಂದು ಖಾಲಿ ಸಾಲು ನೋಡಿದ. "ಯುಗಾದಿ ತನಕ ನೋಡವ್ವ. ಆಮೇಲ ಬಂಡಿ ತರ್ತೀನಿ. ಪಾತ್ರಿ ಪಡಗ ಹೇರ್ಕೊಂಡು ಮನಿಗೆ ನಡಿ" ಎಂದು ಹೇಳಿ ಹೋದ. ಸಿದ್ದಣ್ಣ ಕೆಟ್ಟವನಲ್ಲ, ಆಡಿದ್ದು ಪ್ರೀತಿಯಿಂದಲೇ. ಅವನು ಹೋದ ಮೇಲೆ ನೀಲಕ್ಕ ಹಿಟ್ಟು ನಾದುತ್ತ ನನಗೆ ಹೇಳಿದಳು: "ಅಲ್ಲಿ ಒಲಿ ನಮ್ಮ ಅತ್ತಿಗೀದು, ತಮ್ಮಾ. ನಾ ಬಡದ ರೊಟ್ಟಿನೂ ಅತ್ತಿಗೀವು ಆಗ್ತಾವು." ಆಮೇಲೆ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಯಿತು.

ಇಲ್ಲಿ ನಿಮ್ಮ ಲೇಖಕ ಅವಳನ್ನು ಉದ್ಧಾರ ಮಾಡಲು ಹೊರಟ. "ಅಕ್ಕಾ, ಮಂದಿಗೆ ಗೊತ್ತಾಗಬೇಕು. ಸಂತಿ ದಿನ ಡಂಗುರ ಸಾರಿಸೋಣ" ಎಂದೆ. ಒಂದು ವಾಕ್ಯವನ್ನೂ ರಚಿಸಿದೆ: "ಶುಚಿ ರುಚಿಗಳಿಗೆ ಹೆಸರಾದ ನೀಲಕ್ಕನವರ ಭೋಜನಾಲಯದಲ್ಲಿ ಸಕಲರಿಗೂ ಯೋಗ್ಯ ದರದಲ್ಲಿ ಭೋಜನದ ಏರ್ಪಾಡು ಇರುತ್ತದೆ." ಹಲಗಿ ಬಡಿದು ಡಂಗುರ ಸಾರುವ ದುರ್ಗಪ್ಪನಿಗೆ ಮೂರು ಸಲ ಬಾಯಿಪಾಠ ಮಾಡಿಸಿದೆ. ಅವನು ಮೂರು ಸಲವೂ ತಲೆಯಾಡಿಸಿದ. ಸತ್ತ ಎತ್ತಿಗೆ ಇಬ್ಬರು ಸಾಕ್ಷಿ ಕೇಳುತ್ತಿದ್ದ ನಾನು ಆ ದಿನ ದುರ್ಗಪ್ಪನ ಹಿಂದೆ ಒಂದು ಓಣಿಯನ್ನೂ ತಿರುಗಲಿಲ್ಲ.

ದುರ್ಗಪ್ಪ ಮೊದಲ ತಿರುವಿನಲ್ಲೇ ನನ್ನ ವಾಕ್ಯವನ್ನು ಕೈಬಿಟ್ಟನಂತೆ. ತಪ್ಪು ಅವನದಲ್ಲ. ನಮ್ಮ ಊರಿನಲ್ಲಿ ಊಟಕ್ಕೆಂದು ಹಲಗಿ ಬಡಿಯುತ್ತಿದ್ದದ್ದು ಒಂದೇ ಸಂದರ್ಭದಲ್ಲಿ, ಮಠದ ದಾಸೋಹಕ್ಕೆ, ಎಂದರೆ ಬಂದವರಿಗೆಲ್ಲ ಪುಕ್ಕಟೆಯಾಗಿ ಬಡಿಸುವ ಊಟಕ್ಕೆ. ಅವನ ಕೈಗೆ ಬಂದದ್ದು ಅದೇ ಬಡಿತ, ಬಾಯಿಗೆ ಬಂದದ್ದು ಅದೇ ಕೂಗು: "ನೀಲಕ್ಕನ ಖಾನಾವಳ್ಯಾಗ ಊಟ ಐತಿ! ಮಕ್ಕಳು ಮರಿ ಎಲ್ಲಾರೂ ಬರ್ರೆಪ್ಪೋ!"

ಎಲ್ಲರೂ ಬಂದರು. ನಾನು ಹೋಗುವ ಹೊತ್ತಿಗೆ ಸಾಲು ಕೋಣೆ ದಾಟಿ, ಕಟ್ಟೆ ದಾಟಿ, ಗಾಡಿಗಳ ನೊಗದ ತನಕ ಕುಳಿತಿತ್ತು. ಕಮಲಾಪುರದ ಒಬ್ಬ ಮುದುಕ ನೀಲಕ್ಕನಿಗೆ ಕೈಮುಗಿದು ಕೇಳುತ್ತಿದ್ದ: "ಏನು ಹರಕಿ ಹೊತ್ತಿದ್ದಿ ಯವ್ವಾ? ದೇವರು ಒಳ್ಳೇದು ಮಾಡ್ಲಿ."

ನೀಲಕ್ಕ ನನ್ನನ್ನು ಒಳಗೆ ಎಳೆದಳು. "ಏನಂತ ಸಾರಿಸಿದಿಲೇ?"

"ಯೋಗ್ಯ ದರ ಅಂತ ಹೇಳಿದ್ದೆ ಅಕ್ಕಾ. ನಾನು ಹೊರಗ ಹೋಗಿ ಇದು ದಾಸೋಹ ಅಲ್ಲ ಅಂತ ಹೇಳಿಬರ್ತೀನಿ."

"ಹೇಳಬ್ಯಾಡ. ಉಣ್ಣಾಕ ಕುಂತೋರನ್ನ ಎಬ್ಬಸ್ತಾರೇನು? ಕಟಗಿ ತಾ, ಒಲಿಗೆ ಹಾಕು."

ಆ ಮಧ್ಯಾಹ್ನ ನಾನು ಕಟ್ಟಿಗೆ ಒಟ್ಟಿದೆ, ನೀರು ಹೊತ್ತೆ, ಕೊನೆಗೆ ರೊಟ್ಟಿಯನ್ನೂ ಬಡಿದೆ. ಅದು ಮದ್ರಾಸ್ ಪ್ರಾಂತದ ನಕ್ಷೆಯಂತೆ ಬಂತು, ಕರಾವಳಿಯ ಕಡೆ ಹರಿದಿತ್ತು. ನೀಲಕ್ಕ ಅದನ್ನು ಎತ್ತಿಟ್ಟಳು. "ಇದು ಡಂಗುರ ಬರದೋನಿಗೆ." ಹಳೆಯ ಹಂಚು ಅಷ್ಟು ಹೊತ್ತು ಕಾದು ಕಾದು ನಡುವೆ ಸೀಳು ಬಿಟ್ಟಿತು. ವಾರಕ್ಕೆಂದು ಬೀಸಿದ ಹಿಟ್ಟು ಮುಗಿಯಿತು. ಕೊನೆಯ ಸಾಲಿನಲ್ಲಿ ಹಲಗಿಯನ್ನು ಪಕ್ಕಕ್ಕಿಟ್ಟು ದುರ್ಗಪ್ಪನೂ ಉಂಡ. "ಹೆಂಗ್ ಸಾರಿದೆ ನೋಡ್ರಿ! ಒಬ್ಬನೂ ಮನ್ಯಾಗ ಉಳಿದಿಲ್ಲ" ಎಂದು ನನಗೆ ಹೇಳಿದ. ನಾನು ನನ್ನ ನಕ್ಷೆಯನ್ನು ಅಗಿಯುತ್ತಿದ್ದೆ.

ಸಂಜೆ ನೀಲಕ್ಕ ಆ ಸೀಳಿದ ಹಂಚನ್ನು ತಂದು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದಳು. "ಬರಿ. ಹಿಟ್ಟು ಮುಗದೈತಿ. ಎರಡು ದಿನ ಊಟ ಇಲ್ಲ."

ನಾನು ಸೀಮೆಸುಣ್ಣ ಹಿಡಿದು "ಅನಿವಾರ್ಯ ಕಾರಣಗಳಿಂದ" ಎಂದು ಶುರುಮಾಡಿದೆ. ಅವಳಿಗೆ ಓದು ಬಾರದು. ಆದರೆ ದಾರಿಯಲ್ಲಿ ಹೋಗುತ್ತಿದ್ದ ಶಾಲೆಯ ಮಾಸ್ತರರನ್ನು ಕರೆದು ಓದಿಸಿದಳು. ಕೇಳಿ ನನ್ನ ಕಡೆ ತಿರುಗಿದಳು.

"ಹಿಟ್ಟು ಮುಗದಿದ್ದು ಸುಳ್ಳೇನು?"

"ಅಲ್ಲ."

"ಮತ್ತ? ಅಳಿಸು."

ಹೀಗೆ ನನ್ನ ಬರಹಕ್ಕೆ ಮೊದಲ ಸಂಪಾದಕಿ ಸಿಕ್ಕಳು. ಬಳ್ಳಾರಿಯ ಸಂಪಾದಕರು ನನ್ನ ಪ್ರತಿಯಿಂದ ವಿಶೇಷಣಗಳನ್ನು ಹೊಡೆದುಹಾಕಿದಾಗ ನಾನು ಮುನಿಸಿಕೊಂಡದ್ದುಂಟು. ನೀಲಕ್ಕನ ಮೇಲೆ ಮುನಿಸಿಕೊಂಡರೆ ಊಟ ಎಲ್ಲಿ?

ಆ ಎರಡು ದಿನ ಹಂಚಿನ ಮೇಲಿನ ಎರಡು ಸಾಲು ಮಾಡಿದ ಕೆಲಸವನ್ನು ನನ್ನ ಡಂಗುರ ಮಾಡಲಿಲ್ಲ. ಓದು ಬಂದವರು ಗಟ್ಟಿಯಾಗಿ ಓದಿದರು, ಬಾರದವರು ನಿಂತು ಕೇಳಿದರು, ಯಾಕೆ ಏನು ಎಂದು ವಿಚಾರಿಸಿದರು. ತಪ್ಪಿ ಬಂದವರಿಗೆಲ್ಲ ಬಡಿಸಿ ಹಿಟ್ಟು ಮುಗಿಸಿಕೊಂಡ ಹೆಂಗಸಿನ ಕಥೆ ಗಾಡಿಯೇರಿ ಒಂದು ಕಡೆ ಕಂಪ್ಲಿಗೆ, ಇನ್ನೊಂದು ಕಡೆ ಸಂಡೂರಿಗೆ ಹೋಯಿತು. ಮೂರನೆಯ ದಿನ ಕಮಲಾಪುರದ ಆ ಮುದುಕ ಒಂದು ಚೀಲ ಜೋಳ ಹೊತ್ತು ತಂದು ಕಟ್ಟೆಯ ಮೇಲೆ ಇಳಿಸಿದ. "ಹರಕಿ ಅಲ್ಲಂತಲ್ಲವ್ವ, ಮೊದಲ ಹೇಳಬಾರದಾ?" ಎಂದು ಬೈದು, ಕೂತು, ಉಂಡು, ದುಡ್ಡು ಕೊಟ್ಟೇ ಎದ್ದ.

ಅಲ್ಲಿಂದ ಹಂಚು ಗೂಟದಲ್ಲೇ ಉಳಿಯಿತು, ದಿನಾ ಬೆಳಿಗ್ಗೆ ಬರೆಯುವ ಕೆಲಸ ನನಗೆ ಬಿತ್ತು. ಒಲೆಯ ಮೇಲೆ ಏನಿದೆ, ಎಷ್ಟು ಮಂದಿಗಿದೆ, ಅಷ್ಟೇ. ಒಂದು ದಿನ ಕಣ್ಣು ತಪ್ಪಿಸಿ "ರುಚಿಕರವಾದ ಬದನೆಕಾಯಿ ಎಣಗಾಯಿ" ಎಂದು ಬರೆದೆ. ಓದಿಸುವ ಪದ್ಧತಿ ಇತ್ತಲ್ಲ, ಸಿಕ್ಕಿಬಿದ್ದೆ. "ರುಚಿ ಐತೋ ಇಲ್ಲೋ ಉಂಡೋರು ಹೇಳ್ತಾರ. ನೀ ಇನ್ನೂ ಮಾರಿ ತೊಳದಿಲ್ಲ, ನಿಂಗೇನು ಗೊತ್ತು? ಅಳಿಸು."

ಇನ್ನೊಂದು ದಿನ ಬೇಳೆ ತಳ ಹಿಡಿಯಿತು. ಅದನ್ನೂ ಬರೆಯಬೇಕೆಂದಳು. ನಾನು ಸೀಮೆಸುಣ್ಣ ಕೆಳಗಿಟ್ಟು ಮುಷ್ಕರ ಹೂಡಿದೆ. "ಅಕ್ಕಾ, ಯುಗಾದಿಗೆ ಹದಿನೈದು ದಿನ ಉಳದಾವು. ಇದನ್ನ ಓದಿ ಯಾರು ಬರ್ತಾರ?"

"ಬರಲಿಲ್ಲಂದ್ರ ಬಂಡಿ ಬರತೈತಿ. ಸುಳ್ಳು ಹೇಳಿ ಉಣ್ಣಿಸಿದ್ರ ಮಂದಿ ನಾಳಿಗೂ ಬರಂಗಿಲ್ಲ. ಬರಿ."

ಬರೆದೆ: ಇವತ್ತು ಬೇಳೆ ತಳ ಹಿಡಿದಿದೆ. ಚಟ್ನಿ ಚೆನ್ನಾಗಿದೆ. ಚಟ್ನಿ ಚೆನ್ನಾಗಿದೆ ಎಂದು ಅವಳೇ ಹೇಳಿಸಿದ್ದು ಅದೊಂದೇ ದಿನ. ಮಧ್ಯಾಹ್ನ ಕಂಪ್ಲಿಯ ಗಾಡಿಯ ಹನುಮಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. "ಎಷ್ಟು ತಳಾ ಹಿಡದೈತಿ ನೋಡೇ ಬಿಡೋಣು ಅಂತ ಬಂದ್ವಿ, ಅಕ್ಕಾ." ಉಂಡು ತೀರ್ಪು ಕೊಟ್ಟ: "ನಮ್ಮ ಮನ್ಯಾಗ ದಿನಾ ಇದಕ್ಕಿಂತ ಹೆಚ್ಚು ಹಿಡಿತೈತಿ. ಯಾರೂ ಬರದು ಹಾಕಂಗಿಲ್ಲ ಅಷ್ಟ."

ಸ್ಟೇಷನ್ ರಸ್ತೆಯ ಹೋಟೆಲು ಮುಚ್ಚಿತೆಂದು ನೀವು ನಿರೀಕ್ಷಿಸಿದರೆ ನಿರಾಶೆಯಾದೀತು. ಅದು ಚೆನ್ನಾಗಿಯೇ ನಡೆಯಿತು. ಭಾನುವಾರ ನಾನೂ ಅಲ್ಲಿ ಹಾಡು ಕೇಳಿದ್ದೇನೆ. ನೀಲಕ್ಕನಿಗೆ ಬೇಕಾಗಿದ್ದದ್ದು ಊರಲ್ಲ, ಮೂವತ್ತು ಮಂದಿ.

ಯುಗಾದಿಯ ಮಾರನೆಯ ದಿನ ಹೇಳಿದಂತೆ ಸಿದ್ದಣ್ಣ ಬಂಡಿ ತಂದ. ಪಾತ್ರೆ ಕಟ್ಟಲು ಹಗ್ಗವನ್ನೂ ತಂದಿದ್ದ. ಒಳಗೆ ಕೂರಲು ಜಾಗವಿರಲಿಲ್ಲ. ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕಾದ. ಅವನ ಸರದಿ ಬರುವಷ್ಟರಲ್ಲಿ ನೀಲಕ್ಕ ಹೊರಗೆ ಬಂದು, ನನ್ನಿಂದ ಹಂಚಿನ ಮೇಲೆ ದಿನದ ಕೊನೆಯ ಸುದ್ದಿ ಬರೆಸಿದಳು: ರೊಟ್ಟಿ ಮುಗಿದವು.

"ಅಲ್ಲವ್ವ, ನಾ ನಿಮ್ಮಣ್ಣ!" ಎಂದ ಸಿದ್ದಣ್ಣ.

"ಅಣ್ಣ ಆದ್ರೇನು? ಮೂವತ್ತೊಂದನೇದವ."

ಹಾಗೆಂದು ಒಳಗೆ ಹೋಗಿ, ತನಗೆಂದು ಎತ್ತಿಟ್ಟುಕೊಂಡಿದ್ದ ಎರಡು ರೊಟ್ಟಿ, ಮೇಲೆ ಅಗಸಿ ಚಟ್ನಿ ತಂದು ಅವನ ಮುಂದಿಟ್ಟಳು. ಅವನು ತಲೆ ತಗ್ಗಿಸಿ ಉಂಡ. ಕೈ ತೊಳೆದ. ಹಗ್ಗವನ್ನು ಸುತ್ತಿ ಬಂಡಿಯೊಳಗೆ ಎಸೆದು, "ಇದ್ರ ಒಂದೀಟು ಚಟ್ನಿ ಕಟ್ಟಿ ಕೊಡು, ನಿಮ್ಮತ್ತಿಗಿಗೆ" ಎಂದ. ಎಮ್ಮಿಗನೂರಿಗೆ ಬಂಡಿ ಖಾಲಿ ಹೋಯಿತು. ನೀಲಕ್ಕ ಅಂದು ಮಧ್ಯಾಹ್ನ ಏನು ಉಂಡಳೋ ನಾನು ಕೇಳಲಿಲ್ಲ. ವರದಿಗಾರನ ಆ ಲೋಪ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮೊನ್ನೆ ನನ್ನ "ಅದ್ವಿತೀಯ"ವನ್ನು ಹೊಡೆದುಹಾಕಿ ಶಾರದೆಯನ್ನು ಕರೆದೆ. ವಾರಕ್ಕೆ ಎಷ್ಟು ಡಬ್ಬಿ ಆಗುತ್ತವೆ ಎಂದು ಕೇಳಿದೆ. "ಕೈಲೆ ಕುಟ್ಟೋದ್ರಿ. ಭಾಳ ಅಂದ್ರ ಇಪ್ಪತ್ತು." ಯಾವುದು ಚೆನ್ನಾಗಿ ಬರುವುದಿಲ್ಲ ಎಂದು ಕೇಳಿದಾಗ ನಕ್ಕಳು. "ಪುಟಾಣಿ ಚಟ್ನಿ. ನಮ್ಮ ಮನಿಯೋರೂ ಮುಟ್ಟಂಗಿಲ್ಲ." ಪುಟಾಣಿಯೆಂದರೆ ಹುರಿಗಡಲೆ.

ಬರೆದು, ಅವಳಿಂದಲೇ ಗಟ್ಟಿಯಾಗಿ ಓದಿಸಿದೆ: "ಅಗಸಿ, ಶೇಂಗಾ, ಗುರೆಳ್ಳು ಚಟ್ನಿಪುಡಿ. ಕೈಯಲ್ಲಿ ಕುಟ್ಟಿದ್ದು. ವಾರಕ್ಕೆ ಇಪ್ಪತ್ತು ಡಬ್ಬಿ. ಪುಟಾಣಿ ಚಟ್ನಿ ನಮಗೆ ಬರುವುದಿಲ್ಲ."

"ಅಜ್ಜಾರ, ಇಷ್ಟೇನಾ? 'ರುಚಿಕರ' ಅಂತ ಒಂದಾದ್ರೂ ಹಾಕ್ರಿ."

ಆಗ ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟೆ. ಹುರಿದ ಹದ ನೀಲಕ್ಕನದೇ. ಆದರೂ ಹೇಳಿದೆ: "ಉಪ್ಪು ಒಂಚೂರು ಮುಂದೈತವ್ವ."

ಶಾರದೆ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅದನ್ನೂ ಬರೀತೀರೇನು?"

ನಾನು ಪೆನ್ನನ್ನು ಅವಳ ಕೈಗೆ ಕೊಟ್ಟೆ.