ಅಜ್ಜಿಯ ಹೆಸರಿಗೆ ಬಂದ ಕಟ್ಟೆ

ನಮ್ಮ ಕಾಕಾ ನನ್ನ ಮಾತನ್ನು ಒಂದೇ ಒಂದು ಸಲ ಕೇಳಿಬಿಟ್ಟಿದ್ದರೆ, ಸವಣೂರಿನ ನಮ್ಮ ಮನೆಯ ಮುಂದೆ ಇವತ್ತು ಕಬ್ಬಿಣದ ಶಟರ್ ಇರುತ್ತಿತ್ತು. ಕೇಳಲಿಲ್ಲ, ಹಾಗಾಗಿ ಕಟ್ಟೆ ಉಳಿದಿದೆ. ವಾದದಲ್ಲಿ ಸೋಲುವುದರಿಂದಲೂ ಲಾಭವಿದೆ ಎಂದು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ತರಬೇತಿ ಅಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಿಗೆಂದು ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಅಂತ ಬಸ್ಸು ಹತ್ತಿ ಹೋಗಿ, ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆಯೇ ನನ್ನ ಅಭಿಪ್ರಾಯವೇನೆಂದು ತಿಳಿದುಕೊಂಡು, ಗೆದ್ದು ಬರುತ್ತಿದ್ದವಳು ನಾನು. ಬಹುಮಾನ ಯಾವಾಗಲೂ ಸ್ಟೀಲ್ ಡಬ್ಬಿ. ನಮ್ಮ ಮನೆಯ ಸಕ್ಕರೆ, ಚಹಾಪುಡಿ, ಸಾಸಿವೆ ಎಲ್ಲವೂ ನನ್ನ ವಾದಗಳೊಳಗೇ ವಾಸ.

ಓದಿಗಾಗಿ ನಾನು ಕಾಕಾನ ಮನೆಯಲ್ಲಿದ್ದೆ. ಅಜ್ಜ ತೀರಿದಾಗ ಮಾಸೂರಿನ ಹೊಲ ನಮ್ಮ ಅಪ್ಪನಿಗೆ, ಸವಣೂರಿನ ಮನೆ ಕಾಕಾನಿಗೆ ಎಂದು ಹಂಚಿಕೆಯಾಗಿತ್ತು. ಅಜ್ಜಿಗೇನು ಎಂದು ಯಾರೂ ಕೇಳಿರಲಿಲ್ಲ. ಅಜ್ಜಿ ತಾನಾಗಿ ಹಿಡಿದುಕೊಂಡದ್ದು ಒಂದೇ, ತಲೆಬಾಗಿಲ ಎಡಕ್ಕಿರುವ ಕಲ್ಲಿನ ಕಟ್ಟೆ. ಊಟವಾಗಿ ಅಲ್ಲಿ ಕೂತಳೆಂದರೆ ಸಂತೆಗೆ ಹೋಗುವವರು, ಬರುವವರು ನಿಂತೇ ಮುಂದೆ ಹೋಗಬೇಕು. ವೀಳ್ಯದೆಲೆ ಮಾರುವವಳು ಬುಟ್ಟಿ ಇಳಿಸುತ್ತಾಳೆ. ಯಾರ ಮೊಣಕಾಲಿಗೆ ಯಾವ ಎಣ್ಣೆ, ಯಾವ ಸೊಸೆಯ ಸಾರಿನಲ್ಲಿ ಉಪ್ಪು ಹೆಚ್ಚು, ಎಲ್ಲ ತೀರ್ಪೂ ಅಲ್ಲೇ.

ಆ ಕಟ್ಟೆ ಒಡೆದು, ಅಲ್ಲೊಂದು ಅಂಗಡಿ ಎಬ್ಬಿಸಿ, ಮೊಬೈಲ್ ರಿಪೇರಿಯವನಿಗೆ ಬಾಡಿಗೆ ಕೊಡುವುದು ಕಾಕಾನ ಯೋಜನೆ. ಶಟರ್ ಕೂಡಿಸುವವನು ಟೇಪು ಹಿಡಿದು ಬಂದ ದಿನ ಅಜ್ಜಿ ಕಟ್ಟೆ ಬಿಟ್ಟು ಏಳಲೇ ಇಲ್ಲ. ಪಾಪ, ಅವನು ಅವಳನ್ನೂ ಸೇರಿಸಿಯೇ ಅಳೆದುಕೊಂಡು ಹೋದ.

"ನಾ ಎಲ್ಲಿ ಕುಂದರ್ಲೋ?" ಎಂದಳು ಅಜ್ಜಿ.

"ಒಳಗ ಟೀವಿ ಐತಲ್ಲವ್ವಾ."

"ಟೀವಿಯಾಗಿನ ಮಂದಿ ನಾ ಕೇಳಿದ್ದಕ್ಕ ಉತ್ತರಾ ಕೊಡೂದಿಲ್ಲ."

ಕಾಕಾ ನಕ್ಕ. ಕಾಕಾ ನಕ್ಕರೆ ಆಗುವುದಿಲ್ಲ ಎಂದರ್ಥ. ಮನೆ ಅವನ ಹೆಸರಿನಲ್ಲಿತ್ತು, ಮಾತು ಮುಗಿದಿತ್ತು.

ಅಷ್ಟರಲ್ಲಿ ಹಂಸಭಾವಿಯ ಮದುವೆಯೊಂದಕ್ಕೆ ಹೋಗಿಬಂದ ಕಾಕಾ, ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟ. ಮನೆ ಹಿರಿಯ ನಾಗರಿಕರ ಹೆಸರಿನಲ್ಲಿದ್ದರೆ ಮನೆಕರದಲ್ಲಿ ಅರ್ಧ ಮಾಫಿಯಂತೆ!

"ಯಾರ ಹೇಳಿದ್ರು ಕಾಕಾ?" ಎಂದೆ.

"ಊಟದ ಪಂಕ್ತಿಯಾಗ ಬಾಜೂಕ ಕುಂತಾವ."

"ಯಾರವ್ರು?"

"ಹೋಳಿಗಿ ಉಣ್ಣಾಕತ್ತಾವನ ಹೆಸರ ಯಾರ ಕೇಳ್ತಾರ?"

"ಯಾವ ಊರಾಗ ಮಾಫಿ? ಆದೇಶ ಎಲ್ಲೈತಿ? ಪುರಸಭೆಗೆ ಹೋಗಿ ಮೊದ್ಲ ಕೇಳೂಣು."

"ನೋಡವಾ, ಡಿಬೇಟಿನ್ಯಾಗ ಗೆದ್ರ ಡಬ್ಬಿ ಸಿಗತೈತಿ. ಇದು ಮನಿ."

ನಾನು ಬಿಡುವವಳೇ? ವಯಸ್ಸು ನೋಡಿ ಕರ ಇಳಿಸುವ ತತ್ತ್ವವೇ ತಪ್ಪು ಎಂದೆ. ಮೂರು ಅಂತಸ್ತು ಕಟ್ಟಿಸಿದ ಮುದಿ ಸಾಹುಕಾರನಿಗೆ ಅರ್ಧ, ಎರಡು ಕೋಣೆಯಲ್ಲಿ ಮಕ್ಕಳನ್ನು ಸಾಕುವ ಹರೆಯದ ವಿಧವೆಗೆ ಪೂರ್ತಿ, ಇದು ಯಾವ ನ್ಯಾಯ? ಮೇಲಾಗಿ ಅಂಗಡಿ ಎಬ್ಬಿಸಿದರೆ ಅದರ ಕರದ ಲೆಕ್ಕವೇ ಬೇರೆ, ಅದಕ್ಕೆ ಮಾಫಿ ಸಿಗುತ್ತದೆಂದು ಯಾರು ಹೇಳಿದರು?

ಆಗ ನನ್ನ ತೊಡೆಗೆ ಒಂದು ಚಿವುಟು ಬಿತ್ತು. ಪಕ್ಕದಲ್ಲಿ ಮೆಂತೆ ಸೊಪ್ಪು ಬಿಡಿಸುತ್ತ ಕೂತ ಅಜ್ಜಿ ತಲೆ ಎತ್ತಿರಲೇ ಇಲ್ಲ.

"ವಕೀಲವ್ವಾ," ಎಂದಳು ಸಣ್ಣ ದನಿಯಲ್ಲಿ, "ನಿನ್ನ ಬಾಯಿಗೆ ಇವತ್ತೊಂದಿನ ಸೂಟಿ ಕೊಡು."

ಆಮೇಲೆ ದೊಡ್ಡ ದನಿಯಲ್ಲಿ ಮಗನಿಗೆ: "ನನ್ನ ಹೆಸರಿಗೆ ಬ್ಯಾಡಪಾ. ಈ ವಯಸ್ಸಿನಾಗ ನನಗ್ಯಾಕ ಬೇಕದು?"

"ಬರೇ ಹೆಸರಿಗವ್ವಾ! ಕಾಗದದ ಮ್ಯಾಲ ಅಷ್ಟ!"

"ಬ್ಯಾಡ. ಆಫೀಸು, ಫೋಟೋ, ಹೆಬ್ಬಟ್ಟು... ನನಗಾಗೂದಿಲ್ಲ."

ಚರ್ಚೆಯಲ್ಲಿ ನಾನು ಕಲಿತದ್ದು ಎದುರಾಳಿಯನ್ನು ಒಪ್ಪಿಸುವುದು ಹೇಗೆ ಎಂದು. ಎದುರಾಳಿಯೇ ನಮ್ಮನ್ನು ಒಪ್ಪಿಸುವಂತೆ ಮಾಡುವುದು ಹೇಗೆಂದು ಅಂದೇ ನೋಡಿದ್ದು. ಅಜ್ಜಿ ಬೇಡ ಎಂದಷ್ಟೂ ಕಾಕಾನ ಹಟ ಏರಿತು. ಅವಳಿಗೆ ಸೀರೆ ಕೊಡಿಸಿದ, ಧಾರವಾಡ ಪೇಡೆ ತರಿಸಿದ, ಕೊನೆಗೆ ಬಾಡಿಗೆ ಕಾರು ಮಾಡಿಸಿ ನೋಂದಣಿ ಕಚೇರಿಗೆ ಕರೆದೊಯ್ದ. ಮಗ ತಾಯಿಗೆ ಮನೆ ದಾನ ಕೊಡುತ್ತಿರುವುದನ್ನು ಕಂಡು ಅಲ್ಲಿದ್ದವರೆಲ್ಲ ಕರಗಿಹೋದರು.

"ಇಂಥಾ ಮಗಾ ಯಾರಿಗ್ ಸಿಗ್ತಾನ್ರಿ ಅಜ್ಜಿ!" ಎಂದರು ಒಬ್ಬರು.

"ಹೂಂನ್ರಿ," ಎಂದಳು ಅಜ್ಜಿ, "ಬ್ಯಾಡ ಅಂದ್ರೂ ಕೇಳವಲ್ಲ."

ಏಪ್ರಿಲ್ ಬಂತು. ಖಾತೆ ಬದಲಾಗಿತ್ತು. ಕಾಕಾ, ಅಜ್ಜಿ, ನಾನು ಪುರಸಭೆಯ ಕಿಟಕಿಯ ಮುಂದೆ ನಿಂತೆವು. ಒಳಗಿದ್ದ ಹೆಣ್ಣುಮಗಳು ನಗುನಗುತ್ತಲೇ ಹೇಳಿದಳು: "ಈ ತಿಂಗಳದಾಗ ಕಟ್ಟಿದ್ರ ರಿಯಾಯಿತಿ ಐತ್ರಿ, ಎಲ್ಲಾರಿಗೂ. ವಯಸ್ಸಾದವ್ರಿಗಂತ ಬ್ಯಾರೆ ನಮ್ಮಲ್ಲಿ ಇಲ್ರಿ."

ಕಾಕಾನ ಮುಖ ಉಪ್ಪು ಹಾಕಿದ ಹುಣಸೆಹಣ್ಣಿನಂತಾಯಿತು. ಆಮೇಲೆ ಅವನು ಮಾತನಾಡಿದ ನೋಡಿ! ಜೀವಮಾನವಿಡೀ ಈ ಊರಿಗೆ ಕರ ಕಟ್ಟಿದ ಹಿರಿಯರು, ಇವರು ನಡೆದ ದಾರಿಯಲ್ಲೇ ನಾವೆಲ್ಲ ನಡೆಯುತ್ತಿರುವುದು, ದುಡಿಮೆ ನಿಂತವರ ಮೇಲೆ ಅದೇ ಭಾರ ಹೊರಿಸುವುದು ಯಾವ ಧರ್ಮ... ಹಾನಗಲ್ಲಿನ ಸ್ಪರ್ಧೆಯಾಗಿದ್ದರೆ ದೊಡ್ಡ ಡಬ್ಬಿಯೇ ಸಿಗುತ್ತಿತ್ತು. ನಿಜ ಹೇಳಬೇಕೆಂದರೆ, ವಿರೋಧಪಕ್ಷದ ನನಗೂ ಒಂದು ಕ್ಷಣ ಹೌದಲ್ಲ ಎನ್ನಿಸಿತು. ದುಡಿಮೆ ನಿಂತವರು ಎಂಬುದು ಗಟ್ಟಿ ವಾದ. ವಯಸ್ಸು ನೋಡಬೇಡಿ, ಕೈಯಲ್ಲಿ ಏನಿದೆ ನೋಡಿ ಎಂದರೆ ನಾನೂ ಪರ.

"ನೀವು ಹೇಳೂದು ಖರೇ ಐತ್ರಿ," ಎಂದಳು ಅವಳು, "ಆದ್ರ ಆದೇಶ ಬೇಕಲ್ರಿ?"

ಕಾಕಾ ತಿರುಗಿ ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ.

ಮನೆಗೆ ಬರುವಾಗ ಸಮಾಧಾನ ಮಾಡಿದವಳು ಅಜ್ಜಿಯೇ. "ಹೋಗ್ಲಿ ಬಿಡೋ. ಬಸ್ಸಿನ್ಯಾಗ ನಾ ಬಿಟ್ಟಿ ಹೋಗ್ತೇನಿ, ಅದೂ ಹೆಣ್ಮಗಳು ಅಂತ, ಮುದುಕಿ ಅಂತಲ್ಲ. ಮುದುಕಿ ಅಂತ ನನಗ ಕೊಟ್ಟಾವ ನೀ ಒಬ್ಬನ. ಕೊಟ್ರ ಮನೀನ ಕೊಟ್ಟಿ."

ಕಾಕಾ ಒಂದು ವಾರ ತಡೆದ. ಆಮೇಲೆ ಚಹಾ ಹೊತ್ತಿಗೆ ಮೆಲ್ಲಗೆ ತೆಗೆದ: "ಅವ್ವಾ, ಮತ್ತ ನನ್ನ ಹೆಸರಿಗೆ ಮಾಡೂಣೇನು?"

"ಅವಸರ ಏನೈತಿ? ಆದೇಶ ಬರಲಿ, ತಡಿ."

ಹಿರಿಯರಿಗೆಂದು ಕೊಡುವ ಮಾಫಿಗಳ ಮೇಲೆ ನನಗಿರುವ ಅನುಮಾನ ಹೋಗಿಲ್ಲ. ಅಜ್ಜಿಯ ಹೆಸರಿಗೆ ಬಂದಿದ್ದರೂ ಅದು ಕಾಕಾನ ಕಿಸೆಗೇ ಸೇರುತ್ತಿತ್ತು. ಬಾರದ ಮಾಫಿಯಿಂದ ಅಜ್ಜಿಗೆ ಸಿಕ್ಕಷ್ಟು, ಬಂದಿದ್ದರೆ ಸಿಗುತ್ತಿರಲಿಲ್ಲ.

ಮಳೆಗಾಲಕ್ಕೆ ಮೊದಲು ಶಟರಿನವನು ಮತ್ತೆ ಬಂದ. "ಯಾವಾಗ ಚಾಲೂ ಮಾಡೂದ್ರಿ ಸಾಹೇಬ್ರ?"

ಕಾಕಾ ಕಟ್ಟೆಯ ಕಡೆ ಕೈ ತೋರಿಸಿದ. "ಮಾಲಕರನ್ನ ಕೇಳ್ರಿ."

ಮಾಲಕಿ ಎಲೆಯ ತೊಟ್ಟು ಮುರಿಯುತ್ತಿದ್ದಳು. "ಬರ್ರಿ, ಕುಂದರ್ರಿ," ಎಂದು ತನ್ನ ಪಕ್ಕ ಜಾಗ ಮಾಡಿದಳು. "ನಿಮ್ಮ ಮನಿ ಯಾರ ಹೆಸರ್ಲೆ ಐತ್ರಿ? ತಾಯಿ ಅದಾರೇನು?"